ಮೈಲುತುತ್ತವೋ ಹೊಸ ದ್ರಾವಣವೋ: ಮನಸ್ಸು ತೆರೆದಿದೆ ಎಂದು ತಿಳಿಯುವುದು ಹೇಗೆ?

ಪ್ರಶ್ನೆ: ಶಿರಸಿ ಸೀಮೆಯ ಹಳ್ಳಿಯೊಂದರಲ್ಲಿ ನಮ್ಮದು ಸಣ್ಣ ಅಡಿಕೆ ತೋಟ. ಯಜಮಾನರು ತೀರಿಕೊಂಡ ಮೇಲೆ ಉಸ್ತುವಾರಿಯೆಲ್ಲ ನನ್ನದೇ. ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಬಂದಿರುವ ಮಗ, ಈ ಮಳೆಗಾಲದಿಂದ ಅಡಿಕೆ ಕೊಳೆತು ಉದುರುವ ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣದ ಬೋರ್ಡೋ ದ್ರಾವಣ ಬೇಡ, ಹೊಸ ಜೈವಿಕ ದ್ರಾವಣವೊಂದು ಬಂದಿದೆ, ಅದನ್ನೇ ಹೊಡೆಸೋಣ ಎನ್ನುತ್ತಾನೆ. ಅದನ್ನು ಬಳಸಿ ಗೆದ್ದವರ ವಿಡಿಯೋಗಳನ್ನು ದಿನವೂ ತೋರಿಸುತ್ತಾನೆ. ನಾನು ಒಪ್ಪದಿದ್ದರೆ, ‘ಆಯಿ, ಸ್ವಲ್ಪ ಮನಸ್ಸು ತೆರೆದು ನೋಡು’ ಎನ್ನುತ್ತಾನೆ. ಕಾರವಾರದಲ್ಲಿ ಕೆಲಸದಲ್ಲಿರುವ ಅವನ ತಂಗಿ ಬೇರೆ ಜಾತಿಯ ಸಹೋದ್ಯೋಗಿಯನ್ನು ಮದುವೆಯಾಗುವ ಮಾತು ತೆಗೆದಾಗ ಮಾತ್ರ ಇದೇ ಮಗ ಎದ್ದು ಹೋಗುತ್ತಾನೆ. ತೆರೆದ ಮನಸ್ಸು ಎಂದರೆ ಯಾರು ಏನು ಹೇಳಿದರೂ ಹೂಂ ಎನ್ನುವುದೇ? ನಮ್ಮಿಬ್ಬರಲ್ಲಿ ಯಾರದು ತೆರೆದ ಮನಸ್ಸು?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ನೀವು ಬರೆದಷ್ಟರ ಮೇಲೆ ಹೇಳುವುದಾದರೆ, ಕೊಳೆರೋಗದ ವಿಷಯದಲ್ಲಿ ಇಬ್ಬರ ಮನಸ್ಸೂ ಇನ್ನೂ ತೆರೆದಿಲ್ಲ. ಮಗ ಹೊಸದನ್ನು ಹಿಡಿದಿದ್ದಾನೆ, ನೀವು ಹಳೆಯದನ್ನು ಹಿಡಿದಿದ್ದೀರಿ. ಹೊಸದನ್ನು ಹಿಡಿದವರಿಗೆ ತೆರೆದ ಮನಸ್ಸಿನವರೆಂಬ ಹೆಸರು ಸುಲಭವಾಗಿ ಸಿಕ್ಕಿಬಿಡುತ್ತದೆ, ಅದು ಅನ್ಯಾಯ. ಏನನ್ನು ಕಂಡರೆ ನನ್ನ ಅಭಿಪ್ರಾಯ ಬದಲಾಗುತ್ತದೆ ಎಂದು ಮೊದಲೇ ಹೇಳಬಲ್ಲವರಾರು, ಅದು ಕಣ್ಣೆದುರಿಗೆ ಬಂದಾಗ ನಿಜವಾಗಿಯೂ ಬದಲಾಗುವವರಾರು ಎಂಬುದೊಂದೇ ನಾನು ನಂಬುವ ಗುರುತು. ಎಷ್ಟು ವಿಡಿಯೋ ನೋಡಿದರು, ಎಷ್ಟು ತಾಳ್ಮೆಯಿಂದ ತಲೆದೂಗಿದರು ಎಂಬುದೆಲ್ಲ ಆಮೇಲಿನ ಮಾತು.

ಹಳೆಯದು, ಹೊಸದು ಎಂಬ ಲೆಕ್ಕ ಎಷ್ಟು ಪೊಳ್ಳು ಎಂಬುದಕ್ಕೆ ನೀವು ಪ್ರತಿ ಮಳೆಗಾಲ ಹೊಡೆಸುವ ಔಷಧಿಯೇ ಸಾಕ್ಷಿ. ಫ್ರಾನ್ಸಿನ ಬೋರ್ಡೋ ಪ್ರದೇಶದಲ್ಲಿ ದ್ರಾಕ್ಷಿ ಬೆಳೆಗಾರರು ದಾರಿಬದಿಯ ಬಳ್ಳಿಗಳಿಗೆ ಮೈಲುತುತ್ತ ಮತ್ತು ಸುಣ್ಣ ಕಲಸಿ ಬಳಿಯುತ್ತಿದ್ದರು. ಹಣ್ಣು ವಿಷವಾಗಿದೆ ಎಂದು ಹೆದರಿ ದಾರಿಹೋಕರು ಕೀಳದಿರಲಿ ಎಂಬುದಷ್ಟೇ ಅವರ ಉದ್ದೇಶ. 1882ರಲ್ಲಿ ಮಿಲಾರ್ಡೆ ಎಂಬ ಸಸ್ಯವಿಜ್ಞಾನಿ ಆ ದಾರಿಯಲ್ಲಿ ಹೋಗುವಾಗ, ತೋಟದ ಒಳಗಿನ ಬಳ್ಳಿಗಳೆಲ್ಲ ಬೂಷ್ಟು ರೋಗದಿಂದ ಎಲೆ ಉದುರಿಸಿ ನಿಂತಿದ್ದರೂ ದಾರಿಬದಿಯವು ಮಾತ್ರ ಹಸಿರಾಗಿರುವುದನ್ನು ಗಮನಿಸಿದ. ಕಂಡದ್ದನ್ನು ಅವನು ಕೂಡಲೇ ಸಾರಿಕೊಂಡು ತಿರುಗಲಿಲ್ಲ. ಪ್ರಯೋಗಗಳನ್ನು ಮಾಡಿ, 1885ರಲ್ಲಿ ಪ್ರಕಟಿಸಿದ. ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿಯಾಗಿ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಮಲೆನಾಡಿನ ಅಡಿಕೆಯ ಕೊಳೆರೋಗಕ್ಕೆ ಕಾರಣವಾದ ಜೀವಿಯನ್ನು ಗುರುತಿಸಿ, ಅದೇ ಬೋರ್ಡೋ ದ್ರಾವಣವನ್ನು ಇಲ್ಲಿಗೆ ತಂದದ್ದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ. ಅದಕ್ಕೂ ಮೊದಲು ನಮ್ಮವರು ಕೊನೆಗಳಿಗೆ, ಅಂದರೆ ಅಡಿಕೆ ಗೊಂಚಲುಗಳಿಗೆ, ಮಳೆ ತಾಗದಂತೆ ಕೊಟ್ಟೆ ಎಂಬ ಹೊದಿಕೆ ಕಟ್ಟುತ್ತಿದ್ದರು. ಮರದ ತುದಿಗೇರಿ ಕೊಟ್ಟೆ ಕಟ್ಟುತ್ತಿದ್ದ ಕಾಲದ ಯಾವುದೋ ಆಯಿಗೆ ಯಾವುದೋ ಮಗ ಈ ನೀಲಿ ನೀರಿನ ಬಗ್ಗೆ ಹೇಳಿದಾಗ ಆಕೆಯೂ ನಿಮ್ಮಂತೆಯೇ ಹುಬ್ಬೇರಿಸಿರಬೇಕು. ನೀವು ಇಂದು ಸಂಪ್ರದಾಯವೆಂದು ಕಾಪಾಡುತ್ತಿರುವುದು ಒಂದು ಕಾಲದಲ್ಲಿ ಪರದೇಶದಿಂದ ಬಂದ ಹೊಸ ಮದ್ದು.

ಇದರಿಂದ ಮಗ ಗೆದ್ದ ಹಾಗಾಗಲಿಲ್ಲ. ಬೋರ್ಡೋ ಉಳಿದದ್ದು ಹೊಸದೆಂಬ ಕಾರಣಕ್ಕಲ್ಲ, ಸಾವಿರಾರು ತೋಟಗಳಲ್ಲಿ ವರ್ಷವರ್ಷವೂ ಪರೀಕ್ಷೆಗೆ ನಿಂತು ಉಳಿದದ್ದರಿಂದ. ಹೊಸ ದ್ರಾವಣಕ್ಕೂ ಅದೇ ಪರೀಕ್ಷೆ ಆಗಲಿ.

ಪರೀಕ್ಷೆ ಎಂದೊಡನೆ ನಾವೆಲ್ಲ ಎಡವುವ ಒಂದು ಜಾಗವಿದೆ. 1960ರಲ್ಲಿ ಪೀಟರ್ ವಾಸನ್ ಎಂಬ ಮನೋವಿಜ್ಞಾನಿ ವಿದ್ಯಾರ್ಥಿಗಳಿಗೆ ಮೂರು ಅಂಕಿಗಳನ್ನು ಕೊಟ್ಟರು: 2, 4, 6. ಇವು ಒಂದು ಸೂತ್ರಕ್ಕೆ ಹೊಂದುತ್ತವೆ, ನೀವೇ ಬೇರೆ ಮೂರು ಮೂರು ಅಂಕಿಗಳನ್ನು ಹೇಳುತ್ತ ಹೋಗಿ, ಹೊಂದುತ್ತದೆಯೋ ಇಲ್ಲವೋ ನಾನು ಹೇಳುತ್ತೇನೆ, ಖಾತ್ರಿಯಾದ ಮೇಲೆ ಸೂತ್ರವನ್ನು ಹೇಳಿ ಎಂದರು. ಎರಡೆರಡು ಹೆಚ್ಚುತ್ತಿದೆ ಎಂದು ಊಹಿಸಿದವರು 8, 10, 12 ಎಂದರು, ಹೊಂದುತ್ತದೆ. 20, 22, 24 ಎಂದರು, ಹೊಂದುತ್ತದೆ. ಧೈರ್ಯ ಬಂದು ಸೂತ್ರ ಹೇಳಿದರು, ತಪ್ಪು. ಇದ್ದ ಸೂತ್ರ ಇಷ್ಟೇ: ಏರುವ ಕ್ರಮದಲ್ಲಿರುವ ಯಾವುದೇ ಮೂರು ಸಂಖ್ಯೆ. 1, 2, 50 ಎಂದೊಮ್ಮೆ ಕೇಳಿದ್ದರೆ ತಮ್ಮ ಊಹೆ ಸರಿಯಲ್ಲವೆಂದು ತಿಳಿಯುತ್ತಿತ್ತು. ಹೆಚ್ಚಿನವರು ಮೊದಲ ಸಲ ಹೇಳಿದ ಸೂತ್ರ ತಪ್ಪಾಗಿತ್ತು. ಅವರಲ್ಲಿ ಯಾರೂ ಮೊಂಡರಲ್ಲ, ದಡ್ಡರೂ ಅಲ್ಲ. ಊಹೆಯನ್ನು ಮುರಿಯಬಲ್ಲ ಪ್ರಶ್ನೆಯನ್ನು ಕೇಳಿಕೊಳ್ಳಲು ನಮ್ಮ ತಲೆಗೆ ತಾನಾಗಿ ಹೊಳೆಯುವುದಿಲ್ಲ, ಅಷ್ಟೇ. ನಿಮ್ಮ ಮಗ ಗೆದ್ದವರ ವಿಡಿಯೋಗಳನ್ನು ಒಂದರ ಮೇಲೊಂದು ನೋಡುವುದು 8, 10, 12 ಆದ ಮೇಲೆ 20, 22, 24 ಎಂದ ಹಾಗೆಯೇ. ಬೋರ್ಡೋ ಹೊಡೆಸಿಯೂ ಕೊಳೆ ಬಂದ ವರ್ಷಗಳನ್ನು ನೀವು ಮರೆತು, ಬಾರದ ವರ್ಷಗಳನ್ನಷ್ಟೇ ಎಣಿಸುತ್ತಿದ್ದರೆ ನಿಮ್ಮದೂ ಅದೇ ದಾರಿ.

ಹಾಗಾದರೆ ‘ಮನಸ್ಸು ತೆರೆದು ನೋಡು’ ಎಂಬ ಬುದ್ಧಿಮಾತಿನಿಂದ ಪ್ರಯೋಜನವುಂಟೇ? ಇಲ್ಲವೆಂದೇ ಹೇಳಬೇಕು. ಇದನ್ನು ಬಲ್ಲೆನೆಂದು ಹೇಳುವ ಧೈರ್ಯ ನನಗೆ ಬಂದಿರುವುದು ಅಮೆರಿಕದಲ್ಲಿ ನಡೆದ ಎರಡು ಅಧ್ಯಯನಗಳಿಂದ. 1979ರಲ್ಲಿ ಲಾರ್ಡ್, ರಾಸ್ ಮತ್ತು ಲೆಪ್ಪರ್ ಎಂಬವರು ಮರಣದಂಡನೆಯ ಪರವಾಗಿದ್ದ 24 ಮತ್ತು ವಿರುದ್ಧವಾಗಿದ್ದ 24 ವಿದ್ಯಾರ್ಥಿಗಳಿಗೆ ಎರಡೆರಡು ಸಂಶೋಧನಾ ವರದಿಗಳನ್ನು ಓದಲು ಕೊಟ್ಟರು. ಮರಣದಂಡನೆಯಿಂದ ಕೊಲೆಗಳು ಕಡಿಮೆಯಾಗುತ್ತವೆ ಎನ್ನುವುದು ಒಂದು, ಆಗುವುದಿಲ್ಲ ಎನ್ನುವುದು ಇನ್ನೊಂದು. ಎರಡೂ ಕಡೆಯ ಸಾಕ್ಷ್ಯ ನೋಡಿದ ಮೇಲೆ ಇಬ್ಬರೂ ಕೊಂಚ ಹತ್ತಿರ ಬರಬೇಕಿತ್ತಲ್ಲ? ತದ್ವಿರುದ್ಧವಾಯಿತು. ತಮಗೆ ಬೇಕಾದ ವರದಿಯನ್ನು ಒಪ್ಪಿ, ಬೇಡವಾದ ವರದಿಯಲ್ಲಿ ಹುಳುಕು ಹುಡುಕಿ, ಇಬ್ಬರೂ ತಂತಮ್ಮ ನಿಲುವು ಇನ್ನಷ್ಟು ಗಟ್ಟಿಯಾಯಿತೆಂದು ಹೇಳಿಕೊಂಡರು. 1984ರಲ್ಲಿ ಲಾರ್ಡ್ ಮತ್ತು ಲೆಪ್ಪರ್ ಮತ್ತೊಬ್ಬ ಸಂಗಾತಿಯೊಡನೆ ಸೇರಿ ಅದನ್ನೇ ಬೇರೆ ರೀತಿಯಲ್ಲಿ ಮಾಡಿ ನೋಡಿದರು. ಒಂದು ಗುಂಪಿಗೆ, ಪಕ್ಷಪಾತವಿಲ್ಲದೆ, ನ್ಯಾಯಾಧೀಶರಂತೆ ಓದಿ ಎಂದರು. ಇನ್ನೊಂದು ಗುಂಪಿಗೆ, ಇದೇ ಅಧ್ಯಯನ ಇದೇ ವಿಧಾನದಿಂದ ಉಲ್ಟಾ ಫಲಿತಾಂಶ ಕೊಟ್ಟಿದ್ದರೆ ನೀವು ಅದನ್ನು ಹೀಗೆಯೇ ಅಳೆಯುತ್ತಿದ್ದಿರಾ ಎಂದು ಹೆಜ್ಜೆಹೆಜ್ಜೆಗೂ ಕೇಳಿಕೊಳ್ಳಿ ಎಂದರು. ಮೊದಲ ಗುಂಪಿನ ಪಕ್ಷಪಾತ ಹಾಗೆಯೇ ಉಳಿಯಿತು. ಎರಡನೆಯ ಗುಂಪಿನಲ್ಲಿ ಅದು ಕರಗಿತು.

ಈ ಫಲಿತಾಂಶದ ಮುಂದೆ ಸ್ವಲ್ಪ ನಿಲ್ಲಿ. ಮುಚ್ಚಿದ ಮನಸ್ಸಿನವರಿಗೆ ತಾವು ಮುಚ್ಚಿದ್ದೇವೆ ಎಂದು ಅನ್ನಿಸುವುದೇ ಇಲ್ಲ. ಅವರ ಪಾಲಿಗೆ ಅವರು ನ್ಯಾಯಾಧೀಶರೇ. ಆದ್ದರಿಂದ ಇನ್ನಷ್ಟು ನ್ಯಾಯವಾಗಿರು ಎಂದರೆ ಇನ್ನಷ್ಟು ಶ್ರದ್ಧೆಯಿಂದ ಮೊದಲಿನದನ್ನೇ ಮಾಡುತ್ತಾರೆ. ‘ಇದೇ ಸಾಕ್ಷ್ಯ ಎದುರು ಪಕ್ಷಕ್ಕೆ ಅನುಕೂಲವಾಗಿದ್ದರೆ?’ ಎಂಬ ಒಂದು ಪ್ರಶ್ನೆ ಮಾಡುವ ಕೆಲಸವನ್ನು ನೂರು ಉಪದೇಶಗಳು ಮಾಡಲಾರವು. ನಮ್ಮ ಜಿಲ್ಲೆಯವರು ಇದನ್ನು ಕೈಗಾದ ಮಾತು ಬಂದಾಗಲೆಲ್ಲ ಅಭ್ಯಾಸ ಮಾಡಬಹುದು. ಅಣುಸ್ಥಾವರದ ವಿರೋಧಿಗಳು 1994ರಲ್ಲಿ ನಿರ್ಮಾಣದ ಹಂತದಲ್ಲೇ ಕುಸಿದ ಗುಮ್ಮಟವನ್ನು ನೆನಪಿಸುತ್ತಾರೆ. ಪರವಾದವರು ಅಲ್ಲಿನ ಮೊದಲ ಘಟಕ 2018ರ ಕೊನೆಯ ತನಕ 962 ದಿನ ಎಡೆಬಿಡದೆ ನಡೆದು ಆ ಕಾಲಕ್ಕೆ ವಿಶ್ವದಾಖಲೆ ಮಾಡಿದ್ದನ್ನು ಹೇಳುತ್ತಾರೆ. ಎರಡೂ ನಿಜ. ವಿರೋಧಿಯಾದ ನಾನು 962 ದಿನವನ್ನು, ಪರವಾದ ನಾನು ಕುಸಿದ ಗುಮ್ಮಟವನ್ನು ಎಷ್ಟು ಬೇಗ ‘ಅದು ಬಿಡಿ’ ಎಂದು ಪಕ್ಕಕ್ಕೆ ತಳ್ಳುತ್ತೇನೆ ಎಂದು ನೋಡಿಕೊಂಡರೆ ಮನಸ್ಸಿನ ಅಳತೆ ಸಿಕ್ಕಿಬಿಡುತ್ತದೆ. ಚಾರ್ಲ್ಸ್ ಡಾರ್ವಿನ್ ತನ್ನ ಸಿದ್ಧಾಂತಕ್ಕೆ ಎದುರಾದ ಸಂಗತಿ ಕಂಡ ಕೂಡಲೇ ಬರೆದಿಟ್ಟುಕೊಳ್ಳುತ್ತಿದ್ದ. ಅನುಕೂಲವಾದವುಗಳಿಗಿಂತ ಅಂಥವು ಬೇಗ ಮರೆತುಹೋಗುತ್ತವೆ ಎಂಬುದು ಅವನ ಅನುಭವ.

ಇನ್ನು, ಯಾರು ಏನು ಹೇಳಿದರೂ ಹೂಂ ಎನ್ನಬೇಕೇ ಎಂಬ ಪ್ರಶ್ನೆ. ಖಂಡಿತ ಬೇಡ. ಎಲ್ಲರ ಮಾತಿಗೂ ಸಮಾನ ಹೊತ್ತು ಕೊಡಬೇಕಾದ ಋಣವೂ ನಿಮಗಿಲ್ಲ. ನಮ್ಮ ಕಡೆ ಹಾವು ಕಚ್ಚಿದಾಗ ಆಗುವುದನ್ನು ನೋಡಿ. ನಾಟಿ ಮದ್ದಿನಿಂದ ಬದುಕಿದವರು ಪ್ರತಿ ಊರಿನಲ್ಲೂ ಇದ್ದಾರೆ, ಅವರು ಸುಳ್ಳು ಹೇಳುತ್ತಿಲ್ಲ. ಕಚ್ಚುವ ಹಾವುಗಳಲ್ಲಿ ವಿಷವಿಲ್ಲದವು ಬಹಳ. ವಿಷದ ಹಾವೂ ಕೆಲವೊಮ್ಮೆ ವಿಷವಿಳಿಸದೆ ಕಚ್ಚುತ್ತದೆ. ಅಂಥವರು ಏನು ಕುಡಿದರೂ ಬದುಕುತ್ತಾರೆ, ಕುಡಿದ ಮದ್ದಿಗೆ ಕೀರ್ತಿ ಹೋಗುತ್ತದೆ. ನಿಜವಾಗಿ ವಿಷವೇರಿ ಸತ್ತವರು ಬಂದು ಸಾಕ್ಷಿ ಹೇಳುವುದಿಲ್ಲ. ಇಲ್ಲಿ ‘ಎರಡನ್ನೂ ನೋಡೋಣ’ ಎಂದು ಹೊತ್ತು ಕಳೆಯುವುದನ್ನು ನಾನು ತೆರೆದ ಮನಸ್ಸು ಎಂದು ಕರೆಯಲಾರೆ. ಕಚ್ಚಿಸಿಕೊಂಡವರನ್ನು ಮೊದಲು ಪ್ರತಿವಿಷವಿರುವ ಆಸ್ಪತ್ರೆಗೆ ಸೇರಿಸಬೇಕು, ಅಷ್ಟೇ.

ಕೊಳೆರೋಗದ ವಿಡಿಯೋಗಳಿಗೂ ಇದೇ ನ್ಯಾಯ. ಬಿಡದೆ ಸುರಿಯುವ ಮಳೆ, ನಡುನಡುವೆ ಇಣುಕುವ ಬಿಸಿಲು, ತಂಪು, ತೇವ ಎಲ್ಲ ಕೂಡಿ ಬಂದ ವರ್ಷ ರೋಗ ಹಬ್ಬುತ್ತದೆ. ಮಳೆ ಕೈಕೊಟ್ಟ ವರ್ಷ ಬರೀ ನೀರು ಹೊಡೆದವರ ತೋಟವೂ ಚೆನ್ನಾಗಿಯೇ ಇರುತ್ತದೆ. ವಿಡಿಯೋ ತೋರಿಸಿದಾಗ ಮಗನನ್ನು ಕೇಳಿ: ಆ ವರ್ಷ ಅಲ್ಲಿ ಮಳೆ ಹೇಗಿತ್ತು? ಪಕ್ಕದ, ಬೋರ್ಡೋ ಹೊಡೆದ ತೋಟದಲ್ಲಿ ಏನಾಯಿತು? ದ್ರಾವಣ ಹೊಡೆದೂ ಸೋತವರ ಒಂದು ವಿಡಿಯೋವನ್ನಾದರೂ ಹುಡುಕಿದೆಯಾ? ತೋರಿಸುವವನು ಮಾರುವವನೂ ಹೌದೇ?

ಆದರೆ ನೀವೂ ಅವನಿಗೊಂದು ಉತ್ತರ ಕೊಡಬೇಕಾಗಿದೆ. ಅವನ ವಾದದ ಗಟ್ಟಿ ಭಾಗ ಯಾವುದೆಂದು ಅವನಿಗಿಂತ ಚೆನ್ನಾಗಿ ಹೇಳಬಲ್ಲಿರಾ? ಅದು ವಿಡಿಯೋಗಳಲ್ಲಿಲ್ಲ, ಮಣ್ಣಿನಲ್ಲಿದೆ. ಮೈಲುತುತ್ತದಲ್ಲಿರುವುದು ತಾಮ್ರ, ಅದು ಕೊಳೆತು ಹೋಗುವ ವಸ್ತುವಲ್ಲ. ಹೊಡೆದದ್ದು ತೊಳೆದು ಬುಡಕ್ಕಿಳಿದು ವರ್ಷವರ್ಷವೂ ಸೇರುತ್ತದೆ. ತಲೆಮಾರುಗಳಿಂದ ಬೋರ್ಡೋ ಹೊಡೆದ ಯುರೋಪಿನ ದ್ರಾಕ್ಷಿ ತೋಟಗಳಲ್ಲಿ ಮಣ್ಣಿನ ತಾಮ್ರ ಹೆಚ್ಚಿ ಎರೆಹುಳುಗಳಿಗೆ ತೊಂದರೆಯಾಗಿರುವುದನ್ನು ವಿಜ್ಞಾನಿಗಳು ದಾಖಲಿಸಿದ್ದಾರೆ. ಹಾಗಾಗಿ ಬೋರ್ಡೋಗೆ ಬದಲಿ ಹುಡುಕುವುದು ಹುಚ್ಚಲ್ಲ. ಈ ಮಾತನ್ನು ನಿಮ್ಮ ಬಾಯಿಂದ ಕೇಳಿದ ದಿನ ಮಗನ ದನಿ ಇಳಿಯುತ್ತದೆ. ಎದುರಿನವರು ತಮ್ಮ ವಾದವನ್ನು ನೆಟ್ಟಗೆ ತಿಳಿದಿದ್ದಾರೆ ಎಂದು ಖಾತ್ರಿಯಾಗುವ ತನಕ ಯಾರೂ ತಮ್ಮ ಹಿಡಿತ ಸಡಿಲಿಸುವುದಿಲ್ಲ.

ಕೇಳುವುದು ಎಲ್ಲಿಗೆ ಮುಗಿದು ಪರೀಕ್ಷೆ ಎಲ್ಲಿಂದ ಆರಂಭವಾಗಬೇಕು ಎಂಬುದಕ್ಕೆ ನಮ್ಮ ಜಿಲ್ಲೆಯ ಕಾಡಿನಲ್ಲೇ ಒಂದು ನಿದರ್ಶನವಿದೆ. ಮನಸ್ಸಿನ ಬಗ್ಗೆ ಪಾಠ ಹೇಳುವಾಗಲೆಲ್ಲ ನಾನು ಅದನ್ನು ಹೇಳುತ್ತೇನೆ. 1970ರ ದಶಕದ ನಡುವಿನಲ್ಲಿ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರು ಉತ್ತರ ಕನ್ನಡದ ಬಿದಿರಿನ ಅಧ್ಯಯನ ಕೈಗೊಂಡರು. ಒಂದೆಡೆ ದಾಂಡೇಲಿಯ ಕಾಗದದ ಕಾರ್ಖಾನೆಗೆ ಬಿದಿರು ಹೋಗುತ್ತಿತ್ತು, ಇನ್ನೊಂದೆಡೆ ಬುಟ್ಟಿ ಹೆಣೆಯುವವರು ಬಿದಿರು ಸಿಗದೆ ಕಂಗಾಲಾಗಿದ್ದರು. ಬಿದಿರ ಮೆಳೆಯ ಬುಡದಲ್ಲಿ ಮುಳ್ಳಿನ ಕೊಂಬೆಗಳು ದಟ್ಟವಾಗಿ ಹೆಣೆದುಕೊಂಡಿರುತ್ತವೆ. ಅವನ್ನು ಸವರಿದರೆ ಮೆಳೆ ಸಡಿಲಾಗಿ ಬಿದಿರು ಚೆನ್ನಾಗಿ ಬರುತ್ತದೆ ಎಂಬುದು ಅರಣ್ಯ ಇಲಾಖೆಯ ತಿಳಿವಳಿಕೆ; ಕಡಿಯುವವರಿಗೂ ಅದರಿಂದ ಅನುಕೂಲ. ಹಳ್ಳಿಯವರು ಹೇಳಿದ್ದು ಬೇರೆ: ಮುಳ್ಳು ಹೋದರೆ ಮಳೆಗಾಲದಲ್ಲಿ ಏಳುವ ಎಳೆ ಬಿದಿರನ್ನು, ಅಂದರೆ ಕಳಲೆಯನ್ನು, ದನಕರುಗಳೂ ಕಾಡುಪ್ರಾಣಿಗಳೂ ತಿಂದು ಮುಗಿಸುತ್ತವೆ, ಮೆಳೆ ಮುಂದೆ ಬೆಳೆಯುವುದೇ ಇಲ್ಲ. ಪದವಿ ಪಡೆದವರ ಮಾತಿಗೆ ಎದುರಾಗಿ ಓದುಬರಹ ಬಾರದವರ ಮಾತು.

ಗಾಡ್ಗೀಳರು ಹಳ್ಳಿಯವರ ಮಾತನ್ನು ತಳ್ಳಿಹಾಕಲಿಲ್ಲ ಎಂಬುದನ್ನು ಎಲ್ಲರೂ ಮೆಚ್ಚುತ್ತಾರೆ. ನಾನು ಅದಕ್ಕಿಂತ ಹೆಚ್ಚು ಮೆಚ್ಚುವುದು, ಅವರು ಅದನ್ನು ಹಾಗೆಯೇ ನಂಬಿಬಿಡಲೂ ಇಲ್ಲ ಎಂಬುದನ್ನು. ಬಡವರ ಮೇಲಿನ ಅನುಕಂಪದಿಂದ ನಂಬಿದ್ದರೆ ಅದು ಪಕ್ಷ ಬದಲಾಯಿಸಿದಂತೆ ಆಗುತ್ತಿತ್ತು, ಮನಸ್ಸು ತೆರೆದಂತೆ ಆಗುತ್ತಿರಲಿಲ್ಲ. ಅವರು ಮತ್ತು ಸಂಗಡಿಗರು ಮೆಳೆಗಳ ಬಳಿಗೇ ಹೋಗಿ, ವರ್ಷಗಟ್ಟಲೆ ಕಳಲೆಗಳ ಲೆಕ್ಕವಿಟ್ಟರು. ಮುಳ್ಳು ಸವರಿದ ಕಡೆ ಕಳಲೆ ಉಳಿಯುತ್ತಿರಲಿಲ್ಲ. ಹಳ್ಳಿಯವರ ಮಾತೇ ನಿಜವಾಯಿತು.

ನಿಮ್ಮ ತೋಟದಲ್ಲೂ ಇದನ್ನೇ ಮಾಡಬಹುದು. ಯಾವ ದ್ರಾವಣ ಒಳ್ಳೆಯದು ಎಂದು ನಾನು ಹೇಳಲಾರೆ, ಅದು ಸಸ್ಯರೋಗ ಬಲ್ಲವರ ಕ್ಷೇತ್ರ. ಶಿರಸಿಯಲ್ಲೇ ತೋಟಗಾರಿಕಾ ಕಾಲೇಜಿದೆ, ವಿಟ್ಲದಲ್ಲಿ ತೋಟದ ಬೆಳೆಗಳ ಸಂಶೋಧನಾ ಕೇಂದ್ರವಿದೆ. ಆ ಜೈವಿಕ ದ್ರಾವಣದ ಹೆಸರು ಹೇಳಿ ಅಲ್ಲಿ ವಿಚಾರಿಸಿ. ಹೋಲಿಕೆಯನ್ನು ಮೋಸವಿಲ್ಲದೆ ಮಾಡುವುದು ಹೇಗೆ ಎಂಬುದಷ್ಟೇ ನನ್ನ ಕ್ಷೇತ್ರ. ಮಗನ ದ್ರಾವಣಕ್ಕೆ ತೋಟದ ಒಂದು ಭಾಗವನ್ನು ಬಿಟ್ಟುಕೊಡಿ. ಅಲ್ಲಿನ ಫಸಲು ಪೂರ್ತಿ ಹೋದರೂ ಮನೆ ನಡೆಯುವಷ್ಟು ಚಿಕ್ಕದಾಗಿರಲಿ. ಒಂದು ಮರ ಬಿಟ್ಟು ಒಂದಕ್ಕೆ ಹೊಡೆಸಬೇಡಿ. ರೋಗದ ಬೀಜಾಣು ಮಳೆಹನಿಯೊಡನೆ ಸಿಡಿದು ಪಕ್ಕದ ಮರಕ್ಕೆ ಹೋಗುವುದರಿಂದ ಲೆಕ್ಕವೆಲ್ಲ ಕಲಸಿಹೋಗುತ್ತದೆ. ಒತ್ತಾಗಿರುವ ಒಂದು ತುಂಡು ಅದಕ್ಕೆ, ಅಷ್ಟೇ ಮರಗಳ ಇನ್ನೊಂದು ತುಂಡು ಬೋರ್ಡೋಗೆ, ನಡುವೆ ಕೆಲವು ಸಾಲುಗಳ ಅಂತರ. ಎರಡೂ ಒಂದೇ ವಯಸ್ಸಿನ ಮರಗಳಾಗಿರಲಿ, ಒಂದು ತಗ್ಗಿನಲ್ಲಿ, ಇನ್ನೊಂದು ಗಾಳಿಯಾಡುವ ದಿಬ್ಬದ ಬದಿಯಲ್ಲಿ ಆಗದಿರಲಿ. ಎರಡಕ್ಕೂ ಮರ ಹತ್ತಿ ಹೊಡೆಯುವ ಕೊನೆಗೌಡ ಅವನೇ, ಅದೇ ದಿನ. ಬೋರ್ಡೋವನ್ನು ಸರಿಯಾಗಿಯೇ ತಯಾರಿಸಿ: ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ಚಾಕುವಿನ ಅಲಗನ್ನು ಅದ್ದಿದಾಗ ಕೆಂಪು ಬಣ್ಣ ಕೂತರೆ ಸುಣ್ಣ ಸಾಲದು ಎಂದರ್ಥ. ಮಳೆ ಹಿಡಿಯುವ ಮುನ್ನ ಒಮ್ಮೆ, ನಲವತ್ತು ನಲವತ್ತೈದು ದಿನಗಳಿಗೆ ಇನ್ನೊಮ್ಮೆ. ದ್ರಾವಣವನ್ನು ಹೇಗೆ ಹೊಡೆಸಬೇಕೆಂದು ಅದರವರು ಹೇಳುತ್ತಾರೋ ಹಾಗೆಯೇ ಹೊಡೆಸಿ, ಆಮೇಲೆ ‘ನೀನು ಸರಿಯಾಗಿ ಹೊಡೆಸಲಿಲ್ಲ’ ಎಂಬ ಮಾತಿಗೆ ಆಸ್ಪದ ಬೇಡ.

ಎಲ್ಲಕ್ಕಿಂತ ಮುಖ್ಯವಾದದ್ದು ಮೊದಲ ಮಳೆಗೂ ಮುಂಚೆ ಆಗಬೇಕು. ಇಬ್ಬರೂ ಕುಳಿತು ಒಂದು ಹಾಳೆಯಲ್ಲಿ ಬರೆಯಿರಿ: ಮಳೆಗಾಲದ ಉದ್ದಕ್ಕೂ ಎರಡೂ ತುಂಡುಗಳಲ್ಲಿ ಉದುರಿದ ಕೊಳೆ ಅಡಿಕೆಯನ್ನು ಹೆಕ್ಕಿ ತೂಗುತ್ತೇವೆ, ಇಷ್ಟರೊಳಗಿನ ವ್ಯತ್ಯಾಸವಾದರೆ ದ್ರಾವಣ ಬೋರ್ಡೋಗೆ ಸಮ ಎಂದು ಆಯಿ ಒಪ್ಪುತ್ತಾಳೆ, ಇಷ್ಟಕ್ಕಿಂತ ಹೆಚ್ಚು ಉದುರಿದರೆ ಮಗ ಈ ದ್ರಾವಣವನ್ನು ಕೈಬಿಡುತ್ತಾನೆ, ಮಳೆಯೇ ಕಡಿಮೆಯಾಗಿ ಎರಡೂ ಕಡೆ ರೋಗ ಬಾರದಿದ್ದರೆ ಯಾರೂ ಗೆದ್ದಿಲ್ಲ, ಮುಂದಿನ ವರ್ಷ ಮತ್ತೆ. ಒಂದು ವರ್ಷದ ಫಲಿತಾಂಶ ಬಂದರೂ ಪೂರ್ತಿ ತೋಟವನ್ನು ತಿರುಗಿಸಬೇಡಿ, ತುಂಡನ್ನು ಸ್ವಲ್ಪ ಹಿಗ್ಗಿಸಿ. ಸಾಕ್ಷ್ಯ ಎಷ್ಟು ಬಲವಾಗಿದೆಯೋ ಮನಸ್ಸು ಅಷ್ಟೇ ಸರಿಯಬೇಕು, ಅದಕ್ಕಿಂತ ಹೆಚ್ಚೂ ಬೇಡ, ಕಡಿಮೆಯೂ ಬೇಡ. ಹಾಳೆ ಮೊದಲೇ ಬರೆದಿರದಿದ್ದರೆ ಏನಾದರೂ ಇಬ್ಬರೂ ಗೆದ್ದೆವೆಂದೇ ಹೇಳುತ್ತೀರಿ.

ಮಗಳ ಮದುವೆಯ ಮಾತನ್ನು ಕೊನೆಗಿಟ್ಟದ್ದು ಅದು ಚಿಕ್ಕದೆಂದಲ್ಲ. ಒಬ್ಬನೇ ಮನುಷ್ಯ ಒಂದು ವಿಷಯದಲ್ಲಿ ತೆರೆದು, ಇನ್ನೊಂದರಲ್ಲಿ ಬಿಗಿಯಾಗಿರುವುದು ಬಹಳ ಸಾಮಾನ್ಯ. ದ್ರಾವಣ ಸೋತರೆ ಮಗನಿಗೆ ಆಗುವ ನಷ್ಟ ಒಂದಿಷ್ಟು ಅಡಿಕೆ. ತಂಗಿಯ ಮದುವೆಯಲ್ಲಿ ಅವನಿಗೆ ನಾಲ್ಕು ಜನರ ಮುಂದೆ ತಲೆಯೆತ್ತಿ ನಡೆಯುವ ಪ್ರಶ್ನೆ ಕಾಣುತ್ತದೆ. ಕಳೆದುಕೊಳ್ಳುವ ಭಯ ಇರುವಲ್ಲೇ ಮನಸ್ಸಿನ ನಿಜವಾದ ಪರೀಕ್ಷೆ, ಉಳಿದ ಕಡೆ ಉದಾರವಾಗಿರುವುದು ಕಷ್ಟವೇನಲ್ಲ.

ಇದು ತೂಗಿ ಅಳೆದು ತೀರಿಸುವ ವಿಷಯವಲ್ಲ, ತುಂಡು ಮಾಡಿ ಪ್ರಯೋಗ ಮಾಡುವಂಥದ್ದೂ ಅಲ್ಲ. ಆದರೂ ತಿಳಿಯಬೇಕಾದ ಸಂಗತಿಗಳು ಇಲ್ಲೂ ಇವೆ: ಹುಡುಗ ಎಂಥವನು, ಅವನ ಮನೆಯವರು ಹೇಗೆ, ಮಗಳು ಏನನ್ನು ಯೋಚಿಸಿ ಈ ನಿರ್ಧಾರಕ್ಕೆ ಬಂದಳು. ಇವನ್ನು ತಿಳಿದೂ ಬೇಡವೆನ್ನುವುದು ಒಂದು ಅಭಿಪ್ರಾಯ. ತಿಳಿಯುವ ಮುನ್ನ ಎದ್ದು ಹೋಗುವುದು ಅಭಿಪ್ರಾಯವಲ್ಲ. ಬೆಳೆದ ಮಗಳ ಮದುವೆಯ ತೀರ್ಮಾನ ಅವಳದೇ ಎಂಬುದು ನನ್ನ ಖಚಿತ ನಿಲುವು, ಅದನ್ನು ಮುಚ್ಚಿಡುವುದಿಲ್ಲ. ಅಣ್ಣನ ಮಾತಿಗೆ ಅಲ್ಲಿ ಬೆಲೆ ಇದೆ, ಮತ ಇಲ್ಲ.

ನೀವೊಮ್ಮೆ ಕಾರವಾರಕ್ಕೆ ಹೋಗಿ ಹುಡುಗನನ್ನು ನೋಡಿ ಬನ್ನಿ, ಆಗುವುದಾದರೆ ಮಗನನ್ನೂ ಕರೆದುಕೊಂಡು ಹೋಗಿ. ಹೋಗುವ ಮುಂಚೆ ದ್ರಾವಣಕ್ಕೆ ಕೇಳಿದ ಪ್ರಶ್ನೆಯನ್ನೇ ಅವನಿಗೆ ಕೇಳಿ: ಆ ಹುಡುಗ ಹೇಗಿದ್ದರೆ ನೀನು ಒಪ್ಪುತ್ತೀಯ? ಓದು, ನಡತೆ, ಕುಡಿತ ಇಲ್ಲದಿರುವುದು, ತಂಗಿಯನ್ನು ಗೌರವದಿಂದ ಕಾಣುವುದು ಎಂದು ಅವನು ಪಟ್ಟಿ ಹೇಳಿದರೆ ಮಾತು ಮುಂದುವರಿಯುತ್ತದೆ, ಪಟ್ಟಿ ಹಿಡಿದು ಹೋಗಿ ನೋಡಬಹುದು. ಹೇಗಿದ್ದರೂ ಒಪ್ಪುವುದಿಲ್ಲ ಎಂದರೆ, ತಕರಾರು ಹುಡುಗನ ಬಗ್ಗೆ ಅಲ್ಲವೆಂದು ಅವನ ಬಾಯಿಂದಲೇ ಗೊತ್ತಾದಂತಾಯಿತು. ಆಗ ಅವನ ಒಪ್ಪಿಗೆಗಾಗಿ ಕಾಯದೆ ನೀವೂ ಮಗಳೂ ದಿನ ಗೊತ್ತುಮಾಡಿ, ಅವನಿಗೂ ಕರೆ ಕೊಡಿ.